ಪಾನಾ ಮಾಮಾ

ಘಟ್ಟದಂಚಿನ ಊರುಗಳಲ್ಲಿ ಹಳೇ ಗಾಡಿಗಳು ಸುಲಭಕ್ಕೆ ಸಾಯುವುದಿಲ್ಲ. ಸಾಯಗೊಡದವರು ಓಣಿಗೊಬ್ಬರು ಇದ್ದೇ ಇರುತ್ತಾರೆ. ಕಣಕುಂಬಿಯಲ್ಲಿ ನಮ್ಮ ಓಣಿಯ ಪಾಲಿಗೆ ಬಂದವರನ್ನು ಹುಡುಗರು ‘ಪಾನಾ ಮಾಮಾ’ ಅನ್ನುತ್ತಾರೆ. ಅಂಗಿಯ ಕಿಸೆಯಲ್ಲಿ ಪೆನ್ನಿರಬೇಕಾದ ಕಡೆ 12–13ರ ಪಾನಾ. ಮದುವೆಗೆ ಹೊರಟರೂ ಉಗುರಿನ ಸಂದಿಯ ಗ್ರೀಸು ಜೊತೆಗೇ ಹೊರಡುತ್ತದೆ. ಚೋರ್ಲಾ ರಸ್ತೆಯಲ್ಲಿ ಯಾರದೇ ಟೆಂಪೋ ಹಾಯ್ದರೂ ಮಾತು ಅರ್ಧಕ್ಕೆ ಬಿಟ್ಟು, “ಎರಡನೇ ನಾಜಲ್ ಹೋಗೈತಿ” ಅನ್ನುತ್ತಾರೆ. ಹೋದದ್ದು ಆ ಗಾಡಿಯವನಿಗೇ ಇನ್ನೂ ಗೊತ್ತಿರುವುದಿಲ್ಲ.

ಅವರದು ತಂದೆಯ ಕಾಲದ ಟಾಟಾ 407. ಈ ಮಾದರಿ ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ಎಂಜಿನ್ನಿನ ಹೆಸರು 497: ನಾಲ್ಕು ಸಿಲಿಂಡರು, ಒಂದೊಂದರ ಒಳವ್ಯಾಸ 97 ಮಿಲಿಮೀಟರು. ಆರು ಸಿಲಿಂಡರಿನ ದೊಡ್ಡ ಲಾರಿಯದು 697. ಗೋತ್ರ ಪ್ರವರ ಒಪ್ಪಿಸುವ ಧಾಟಿಯಲ್ಲಿ ಮಾಮಾ ಇದನ್ನು ಒಪ್ಪಿಸುತ್ತಾರೆ.

ಒಂದು ಬೇಸಿಗೆಯಲ್ಲಿ ಘಾಟು ಏರುವಾಗ ಹೆಡ್ ಗ್ಯಾಸ್ಕೆಟ್ ಹಾರಿ, ನೀರು ಆಯಿಲಿಗೆ ಇಳಿದು, ಬೇರಿಂಗು ಸವೆದು, ಎಂಜಿನ್ ಜಾಮ್ ಆಯಿತು. ಬೆಳಗಾವಿಯ ಗ್ಯಾರೇಜಿನವನು ಪಾಪ, “ಬಿಟ್ಟು ಹೋಗ್ರಿ” ಅಂದ. ಮಾಮಾನಿಗೆ ಆಗದ ಮಾತು ಅದೊಂದೇ. “ನಾ ನೋಡಲಾರದಂಗ ನನ್ನ ಗಾಡಿ ಬಿಚ್ಚೂದ?” ಎಂದವರು ಗುಜರಿಯಲ್ಲಿ ಇನ್ನೊಂದು 497 ಹುಡುಕಿ ಊರಿಗೆ ಹೇರಿಕೊಂಡು ಬಂದರು. ಆಗ ರೋಹಿಣಿ ಮಳೆ ಹೊಸ್ತಿಲಲ್ಲಿತ್ತು. ಡಿಸೆಂಬರಿನ ಬಿಸಿಲಲ್ಲಿ ಎಂಜಿನ್ ಇಳಿಸಿದ ಮಾಮಾಗಳನ್ನು ನಾನು ಕಂಡಿಲ್ಲ.

“ಮಾಸ್ತರ್ರ, ನಿಮ್ಮ ಹಲಸಿನ ಟೊಂಗಿ ಎರಡ ದಿವಸ ಬೇಕಾಗಿತ್ರಿ.”

ಅವರ ಹಿತ್ತಲಲ್ಲಿರುವುದೆಲ್ಲ ಅಡಿಕೆ ಮರ. ಕ್ವಿಂಟಲ್ ಲೆಕ್ಕದ ಕಬ್ಬಿಣ ತಡೆಯುವ ಟೊಂಗೆ ನನ್ನದೊಂದೇ. ಪುಸ್ತಕ ಕೇಳಿದರೆ ನೆಪ ಹೇಳಬಹುದು, ಟೊಂಗೆ ಕೇಳಿದರೆ ಏನು ಹೇಳುವುದು? ಗಾಡಿ ಒಳಬರಲು ಬೇಲಿ ಬಿಚ್ಚಿತು. ಟೊಂಗೆಗೆ ಗೋಣಿಚೀಲ ಸುತ್ತಿ ಚೈನ್ ಬ್ಲಾಕ್ ಕಟ್ಟಿದರು. ರೇಡಿಯೇಟರ್, ಸೈಲೆನ್ಸರ್ ಪೈಪು, ಸೆಲ್ಫು ಒಂದೊಂದಾಗಿ ಬಿಚ್ಚಿ ನನ್ನ ಜಗಲಿಗೆ ಬಂದವು. ಸಂಜೆಗೆ ಹಳೇ ಎಂಜಿನ್ ಗಾಳಿಯಲ್ಲಿ ತೂಗಿತು, ರಾತ್ರಿಗೆ ಮಳೆ ಹಿಡಿಯಿತು.

ಮುಂದಿನದು ನನ್ನ ಹಲಸಿನ ಕಥೆ. ಹಣ್ಣು ಕೀಳಬೇಕೆಂದರೆ ಚೈನು ಅಡ್ಡ. ಚೈನು ಸರಿಸಬೇಕೆಂದರೆ ಮಾಮಾ ಬೇಕು. ಮಾಮಾ ಹೆಡ್ ಬೋಲ್ಟ್ ತರಲು ಖಾನಾಪುರಕ್ಕೆ ಹೋಗಿರುತ್ತಿದ್ದರು. ಹಣ್ಣು ಬೋನೆಟ್ಟಿನ ಮೇಲೆ ಬಿದ್ದು ಒಡೆಯಿತು. ಸಂಜೆ ಮಾಮಾ ಬೋನೆಟ್ ಸವರಿ, “ಪೇಂಟಿಗೆ ಏನೂ ಆಗಿಲ್ರಿ” ಎಂದು ನನಗೇ ಸಮಾಧಾನ ಹೇಳಿದರು. ನೋಡಲು ಬಂದವರಿಗೆಲ್ಲ ನನ್ನ ಹೆಂಡತಿ ಚಹಾ ಕಾಸಿದಳು. ಎಂಜಿನ್ ಬಿಚ್ಚಿಟ್ಟ ಮನೆಗೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಹೆಚ್ಚು ಜನ ಬರುತ್ತಾರೆ, ಮತ್ತು ಒಬ್ಬರೂ ಬರಿಗೈಯಲ್ಲಿ ಬರುವುದಿಲ್ಲ; ಸಲಹೆ ತರುತ್ತಾರೆ.

ಆಯಿಲ್ ಬಸಿಯುವ ದಿನ ನನ್ನೊಳಗಿನ ಮಾಸ್ತರ ಎದ್ದ. ಮಲಪ್ರಭೆ ಹುಟ್ಟುವುದೇ ಇಲ್ಲಿ, 792 ಮೀಟರ್ ಎತ್ತರದಲ್ಲಿ. ಇಲ್ಲಿ ಚೆಲ್ಲಿದ್ದು ನವಿಲುತೀರ್ಥದ ಅಣೆಕಟ್ಟು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ ಎಂದು ಪಾಠ ತೆಗೆದೆ. ಮಾಮಾ ಆಗಲೇ ಕೆಳಗೆ ಡಬ್ಬಿ ಇಟ್ಟಾಗಿತ್ತು. “ಚೆಲ್ಲೂದ್ಯಾಕ್ರಿ, ಬಾಗಲಾ ಕಿಡಕಿಗೆ ಬಳದ್ರ ಗೆದ್ದಲ ಹತ್ತೂದಿಲ್ಲ.”

ನಿಜವಾದ ಯುದ್ಧ ಎಂಜಿನ್ ಇಳಿಸುವಾಗಲ್ಲ, ಕೂರಿಸುವಾಗ. ಗೇರ್ ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ಹೋಗಬೇಕು. ಪ್ಲೇಟು ಕೂದಲೆಳೆಯಷ್ಟು ಪಕ್ಕಕ್ಕಿದ್ದರೂ ಹೋಗದು. ಅದಕ್ಕೆಂದೇ ಮಾಮಾ ಯಾವುದೋ ಗೇರ್ ಬಾಕ್ಸಿನ ಮುರಿದ ಶಾಫ್ಟೊಂದನ್ನು ವರ್ಷಗಟ್ಟಲೆ ಕಾದಿಟ್ಟಿದ್ದಾರೆ. ಅದನ್ನು ತೂರಿಸಿ ಪ್ಲೇಟಿನ ಸೆಂಟರ್ ಹಿಡಿದರು. ಆಮೇಲೆ ಕನ್ನಡ, ಮರಾಠಿ, ಕೊಂಕಣಿ ಮೂರರಲ್ಲೂ ಕೂಗಾಟ. ಎಂಜಿನ್ ಎಲ್ಲರ ಮಾತನ್ನೂ ಕೇಳಿಸಿಕೊಂಡು, ಎಲ್ಲರೂ ಸುಮ್ಮನಾದ ಮೇಲೆ ತಾನಾಗಿ ಕೂತಿತು. ಹ್ಯಾಂಡ್ ಪಂಪ್ ಒತ್ತಿ ಡೀಸೆಲ್ ಪೈಪಿನ ಏರ್ ತೆಗೆದರು, ಗುಳ್ಳೆ ನಿಂತಿತು, ಸೆಲ್ಫ್ ತಿರುಗಿತು, ಕಪ್ಪು ಹೊಗೆ ನನ್ನ ಒಗೆದ ಪಂಚೆಯ ಮೇಲೆ ಕೂತಿತು. ಮಾಮಾ ಮೌಳಿದೇವಿಯ ಗುಡಿಯ ದಿಕ್ಕಿಗೆ ಕೈಮುಗಿದು ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಕೈ ಮುಗಿದವರಲ್ಲಿ ನಾನೂ ಇದ್ದೆ, ಟೊಂಗೆ ಬಿಡುಗಡೆಯಾಗಿತ್ತಲ್ಲ.

ಉಳಿತಾಯಕ್ಕಾಗಿ ಮನೆಯಲ್ಲೇ ಮಾಡಿದೆ ಅನ್ನುತ್ತಾರೆ. ನಿಂತುಹೋದ ಬಾಡಿಗೆ, ಖಾನಾಪುರದ ಓಡಾಟ, ನಮ್ಮ ಚಹಾಪುಡಿ ಕೂಡಿಸಿದರೆ ಉಳಿದದ್ದೇನೂ ಇಲ್ಲ. ಕ್ಯಾಬಿನ್ ಬದಲಾಗಿದೆ, ಡಾಲೆ ಬದಲಾಗಿದೆ, ಈಗ ಎಂಜಿನ್ನೂ. ಬೆಳಗಾವಿಯ ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಯೊಳಗೆ ಹೊಸ ಎಂಜಿನ್ ನಂಬರ್ ಬರೆಸಿಕೊಂಡು ಬಂದ ದಿನ ನಾನು ಕೇಳಿದೆ: “ಇನ್ನ ಇದರಾಗ ಅಪ್ಪಾರದ್ದು ಅನ್ನೂದು ಏನೈತ್ರಿ?” ಮಾಮಾ ಕಾಗದ ತಿರುಗಿಸಿ ತೋರಿಸಿದರು. ಚಾಸಿ ನಂಬರ್. ಅದು ಬದಲಾಗಿರಲಿಲ್ಲ.

ಅವರ ಮಗ ಗೋವೆಯಲ್ಲಿ ಕಂಪನಿಯ ಹೊಸ ಗಾಡಿ ಓಡಿಸುತ್ತಾನೆ, 2020ರ ನಂತರ ಬಂದ ಬಿಎಸ್–6. ಒಮ್ಮೆ ಊರಿಗೆ ತಂದಿದ್ದ. ಮಾಮಾ ಬೋನೆಟ್ ಎತ್ತಿ, ವೈರು ಸೆನ್ಸರುಗಳನ್ನು ನೋಡಿ, ಯಾವುದನ್ನೂ ಮುಟ್ಟದೆ ಇಳಿಸಿದರು. ಅದರ ರೋಗ ಹೇಳುವುದು ಕಿವಿಯಲ್ಲ, ಕಂಪ್ಯೂಟರು. ಕಿಸೆಯ ಪಾನಾವನ್ನು ಅವರು ಮೇಲಿನಿಂದಲೇ ಒಮ್ಮೆ ತಡವಿಕೊಂಡದ್ದನ್ನು ಕಂಡು, ನನ್ನ ಹಲಸಿನ ಲೆಕ್ಕವನ್ನು ಮನಸ್ಸಿನಲ್ಲೇ ಮನ್ನಾ ಮಾಡಿದೆ. ನಾನಂತೂ ಮೊಣಕಾಲನ್ನು ಡಾಕ್ಟರಿಗೆ, ಪಿಂಚಣಿಯನ್ನು ಬ್ಯಾಂಕಿನವರಿಗೆ, ಸ್ಕೂಟರನ್ನು ಸರ್ವಿಸ್‌ನವರಿಗೆ ಒಪ್ಪಿಸಿ ಬೆಂಚಿನ ಮೇಲೆ ಕೂರುವ ಜಾತಿ. ಒಳಗೇನು ನಡೆಯಿತೆಂದು ಕೇಳುವುದು ಅವಮರ್ಯಾದೆ ಎಂದೇ ನಂಬಿದವನು.

ಮೊನ್ನೆ ಸ್ಕೂಟರ್ ಸರ್ವಿಸ್ ಮಾಡಿಸಿ ತಂದೆ. ಮಾಮಾ ಬಿಲ್ಲು ಇಸಿದುಕೊಂಡು ಸಾಲುಸಾಲಾಗಿ ಓದಿದರು.

“ಬ್ರೇಕ್ ಶೂ ಹೊಸಾವು, ಕೇಬಲ್ ಹೊಸಾದು. ಛಲೋ ಆತು. ಬಿಚ್ಚಿದ ಹಳೇವು ಎಲ್ಲಿ ಅದಾವ್ರಿ, ಮಾಸ್ತರ್ರ?”

ಇಷ್ಟು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಿ ಸಂಬಳ ತಿಂದವನು ನಾನು.