ಲವಣಹ್ರದೀಯ ಫೇನಮೀಮಾಂಸೆ

ಫೇನವೆಂದರೆ ನೊರೆ, ನೊರೆಯ ಕಾರಣ, ಸ್ವರೂಪ ಮತ್ತು ಫಲಗಳನ್ನು ವಿಚಾರಿಸುವ ಶಾಸ್ತ್ರವೇ ಫೇನಮೀಮಾಂಸೆ. ಇದರ ಕರ್ಮಕಾಂಡವಾದ ಮನೆಸಾಬೂನಿನ ತಯಾರಿಕೆಗೆ ಕೋಲ್ಕತ್ತದ ಸಾಲ್ಟ್ ಲೇಕ್‌ಗಿಂತ ಪ್ರಶಸ್ತವಾದ ಕ್ಷೇತ್ರ ಭರತಖಂಡದಲ್ಲಿ ಬೇರೊಂದಿಲ್ಲವೆಂಬುದಕ್ಕೆ ಅದರ ಹೆಸರೇ ಪ್ರಮಾಣ. ಕಾರ್ಖಾನೆಯ ಕಡಾಯಿಯಲ್ಲಿ ಕುದಿದ ಸಾಬೂನಿಗೆ ಉಪ್ಪುನೀರು ಸುರಿದರೆ ಸಾಬೂನು ಮೇಲೆ ತೇಲಿ ಗ್ಲಿಸರಿನ್ ಕೆಳಗುಳಿಯುತ್ತದೆಯಾದ್ದರಿಂದ, 1960ರ ದಶಕದಲ್ಲಿ ಹೂಗ್ಲಿಯ ಹೂಳನ್ನು ಕೊಳವೆಗಳಲ್ಲಿ ಹಾಯಿಸಿ ಉಪ್ಪುನೀರಿನ ಜೌಗನ್ನು ತುಂಬಿ, ಯುಗೊಸ್ಲಾವಿಯಾದ ದೊಬ್ರಿವೊಯೆ ತೊಶ್ಕೊವಿಚ್ ಹಾಕಿಕೊಟ್ಟ ನಕ್ಷೆಯಂತೆ ಎಬ್ಬಿಸಿದ ಈ ಬಡಾವಣೆಯ ಉದ್ದೇಶ ಕೇವಲ ವಸತಿಯೆಂದು ಇತಿಹಾಸಕಾರರು ಬರೆಯುತ್ತಿರುವುದು ಅವರ ಅಲ್ಪದೃಷ್ಟಿಯೇ ಸರಿ. ಬ್ಲಾಕುಗಳಿಗೆ ಸಿಎ, ಸಿಎಲ್, ಬಿಎ ಎಂದು ಹೆಸರಿಟ್ಟವರು ಕ್ಯಾಲ್ಸಿಯಂ, ಕ್ಲೋರಿನ್, ಬೇರಿಯಂಗಳನ್ನು ಅರಿಯದವರೆಂದು ನಂಬುವುದೂ ಕಷ್ಟ.

ವಂಗ ಮತ್ತು ಕರ್ನಾಟಕ ದೇಶಗಳ ಫೇನಸಂಬಂಧ ಹಳೆಯದು. ಬೇವಿನ ಮಾರ್ಗೊ ಸಾಬೂನಿಗೆ ಜನ್ಮವಿತ್ತ ಕಲ್ಕತ್ತಾ ಕೆಮಿಕಲ್ ಕಂಪನಿ ಸ್ಥಾಪನೆಯಾದ 1916ರಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. 1918ರಲ್ಲಿ ಬೆಂಗಳೂರಿನಲ್ಲಿ ಮೈಸೂರ್ ಸ್ಯಾಂಡಲ್ ಸಾಬೂನು ಅಚ್ಚಿನಿಂದ ಹೊರಬಂತು. ಇದನ್ನು ಕಾಕತಾಳೀಯವೆನ್ನುವವರಿಗೆ ಕಾಗೆಯೂ ತಿಳಿಯದು, ತಾಳೆಯೂ ತಿಳಿಯದು.

ಇನ್ನು ಪ್ರಕೃತ ವಿಷಯ. ಹೂವು, ತೊಗಟೆ, ಎಲೆ, ಸಿಪ್ಪೆಗಳಿಂದ ಭಟ್ಟಿಯಿಳಿಸಿಯೋ ಹಿಂಡಿಯೋ ತೆಗೆದ, ಗಾಳಿಗಿಟ್ಟರೆ ಆರಿಹೋಗುವ ಪರಿಮಳದ್ರವಕ್ಕೆ ಸುಗಂಧತೈಲವೆಂದು ಹೆಸರು. ಇದನ್ನು ಮನೆಸಾಬೂನಿಗೆ ಎಷ್ಟು ಹಾಕಬೇಕೆಂಬಲ್ಲಿ ಪೂರ್ವಪಕ್ಷ ಹೀಗಿದೆ: ತೈಲವು ಗಿಡದಿಂದ ಬಂದದ್ದು, ಗಿಡ ಪ್ರಕೃತಿಯದು, ಪ್ರಕೃತಿ ತಾಯಿ, ತಾಯಿ ಮಗುವಿಗೆ ಕೆಡುಕು ಮಾಡಳು, ಆದಕಾರಣ ಬಾಟಲಿಯನ್ನು ಬಗ್ಗಿಸಬಹುದು. ಈ ಮತದವರು ದುರ್ಗಾಪೂಜೆಗೆ ಎರಡು ತಿಂಗಳಿರುವಾಗಲೇ ಬಾಲ್ಕನಿಯಲ್ಲಿ ಕ್ಷಾರ ಕದಡಲು ತೊಡಗುತ್ತಾರೆ.

ಸಿದ್ಧಾಂತಿಯ ಉತ್ತರ ಒಂದೇ ಪದ: ಕಾಡುಗೇರು. ಅದೂ ಅಪ್ಪಟ ನೈಸರ್ಗಿಕ; ಅಗಸರು ಬಟ್ಟೆಯ ಮೂಲೆಗೆ ಅದರ ರಸದಿಂದ ಹಾಕಿದ ಕಪ್ಪು ಗುರುತು, ಒಗೆದು ಮಡಿಮಾಡಿದ ಅಂಗಿಯಲ್ಲಿಯೂ ಉಳಿದು, ತೊಟ್ಟವರ ಕತ್ತಿನ ಹಿಂದೆ ಬೊಬ್ಬೆಯೆಬ್ಬಿಸುತ್ತಿತ್ತೆಂಬುದು ಚರ್ಮವೈದ್ಯರ ಗ್ರಂಥಗಳಲ್ಲಿ ದಾಖಲಾದ ಸಂಗತಿ. ತಾಯಿಯೇನೋ ಹೌದು, ಆದರೆ ಆಕೆಗೆ ಮಕ್ಕಳು ಬಹಳ.

ಇಲ್ಲಿ ಸಂವೇದೀಕರಣವೆಂಬ ಪರಿಭಾಷೆಯನ್ನು ಬಿಡಿಸಬೇಕು. ಚರ್ಮಕ್ಕೆ ಒಗ್ಗದ ಅಣುವೊಂದು ಮೊದಲು ಕೆಲವು ಸಲ ಸೋಕಿದಾಗ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಮಾತ್ರ ಟಿ ಜೀವಕೋಶಗಳು ಅದರ ಗುರುತು ಹಿಡಿದಿಟ್ಟುಕೊಳ್ಳುತ್ತವೆ. ಮದುವೆಯ ಪಂಕ್ತಿಯಲ್ಲಿ ತನ್ನೆಲೆಗೆ ಹೋಳಿಗೆ ಬಾರದ್ದನ್ನು ಮೂವತ್ತು ವರ್ಷ ನೆನಪಿಟ್ಟುಕೊಂಡ ಬಂಧುವಿನಂತೆ ಅವು ಮರೆಯುವುದೆಂಬುದಿಲ್ಲ. ಮುಂದೆಂದೋ ಅದೇ ಅಣು ಸೋಕಿದರೆ ಒಂದೆರಡು ದಿನ ತಡವಾಗಿ ತುರಿಕೆ, ಕೆಂಪು, ಗುಳ್ಳೆ ಏಳುತ್ತವೆ. ಹೀಗೆ ತಡವಾಗುವುದರಿಂದ ಅಪವಾದವು ಸಾಬೂನಿನ ಮೇಲೆ ಬಾರದೆ ಹಿಂದಿನ ದಿನದ ಸಿಗಡಿಯ ಮೇಲೆ ಬರುತ್ತದೆ. ಮಣಿಕಟ್ಟಿಗೆ ಅಪ್ಪಟ ತೈಲ ಸವರಿ ನೋಡುವ ಮನೆಮಂದಿಯ ಪದ್ಧತಿ ಪರೀಕ್ಷೆಯಲ್ಲ, ದೀಕ್ಷೆ. 1895ರಲ್ಲಿ ಯೋಸೆಫ್ ಯಾಡಸ್ಸೋನ್ ಲೋಕಕ್ಕೆ ಕೊಟ್ಟ ಪಟ್ಟಿಪರೀಕ್ಷೆಯನ್ನು ಇಂದು ಚರ್ಮವೈದ್ಯರು ದ್ರವ್ಯವನ್ನು ತಕ್ಕಷ್ಟು ತೆಳುಮಾಡಿ ಬೆನ್ನಿಗಂಟಿಸಿ ನಡೆಸುತ್ತಾರೆ.

ತೈಲಗಳಲ್ಲಿ ಚಕ್ಕೆಯದು ಉಗ್ರ. ಅದರ ಬಹುಪಾಲು ಸಿನ್ನಮಾಲ್ಡಿಹೈಡ್ ಆಗಿರುವುದರಿಂದ ಸಾಬೂನಿನಲ್ಲಿ ಅದನ್ನು ಬಿಟ್ಟುಬಿಡುವುದೇ ಶ್ರೇಯಸ್ಕರ. ಲವಂಗದ ತೈಲದಲ್ಲಿ ಯೂಜಿನಾಲ್ ಮುಕ್ಕಾಲು ಪಾಲಿನಷ್ಟಿದ್ದರೂ ಅದಕ್ಕೊಂದು ಸಜ್ಜನಿಕೆಯುಂಟು: ಎಣ್ಣೆ ಮತ್ತು ಕ್ಷಾರ ಕೂಡಿ ಒಂದೆಳೆ ಪಾಕದಂಥ ಹದಕ್ಕೆ ಬರುವ ಮೊದಲೇ ಅಧಿಕ ಲವಂಗತೈಲ ಬಿದ್ದರೆ, ಇಳಿಸುವುದು ತಡವಾದ ಮೈಸೂರ್‌ಪಾಕಿನಂತೆ ಇಡೀ ಪಾಕ ಸೌಟಿನ ಸಮೇತ ಗಟ್ಟಿಯಾಗಿ, ಕರ್ತೃವಿಗೆ ಅಲ್ಲಿಯೇ ಬುದ್ಧಿ ಹೇಳುತ್ತದೆ. ನಿಂಬೆಹುಲ್ಲಿನ ತೈಲಕ್ಕೆ ಈ ಸೌಜನ್ಯವಿಲ್ಲ. ಮುಕ್ಕಾಲು ಪಾಲು ಸಿಟ್ರಾಲನ್ನು ಹೊತ್ತುಕೊಂಡೇ ಅದು ಮೆಲ್ಲನೆ ಬೆರೆತುಹೋಗುತ್ತದೆ. ಕಿತ್ತಳೆಸಿಪ್ಪೆಯ ತೈಲದ ಲಿಮೊನೀನ್ ಹೊಸತಿರುವಾಗ ಸಾಧು, ಗಾಳಿ ಕುಡಿದು ಹೈಡ್ರೊಪೆರಾಕ್ಸೈಡುಗಳಾದಾಗ ದುಷ್ಟ. ಕಳೆದ ಪೂಜೆಯಲ್ಲಿ ಕೊಂಡು, ಅರ್ಧ ಬಳಸಿ, ಮೇ ತಿಂಗಳ ಕೋಲ್ಕತ್ತದ ಸೆಕೆಯಲ್ಲಿ ಕಿಟಕಿಯ ಬಳಿ ಬೆವರಿದ ಬಾಟಲಿಯನ್ನು ಚೆಲ್ಲಲು ಮನಸ್ಸಾಗದೆ ಈ ಪೂಜೆಗೆ ಮುಗಿಸುವ ಮಿತವ್ಯಯವೇ ಆ ಕ್ಷೇತ್ರದ ಮಹಾಪಾತಕ. ಬಾಟಲಿ ಕಂದು ಗಾಜಿನದು, ಸಣ್ಣದು, ಬಿಗಿಮುಚ್ಚಳದ್ದಾಗಿದ್ದು ಫ್ರಿಜ್ಜಿನಲ್ಲಿರಬೇಕೆಂಬುದು ವಿಧಿ.

ಸಾಬೂನು ತೊಳೆದುಹೋಗುತ್ತದೆ, ಆದ್ದರಿಂದ ಚಿಂತೆಯಿಲ್ಲವೆಂಬ ಉಪಪೂರ್ವಪಕ್ಷ ಅರ್ಧಸತ್ಯ. 1973ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸುಗಂಧ ಸಂಘ ಇಫ್ರಾ, ಮೈಮೇಲೆ ಉಳಿಯುವ ಪದಾರ್ಥಕ್ಕೂ ತೊಳೆದುಹೋಗುವುದಕ್ಕೂ ಬೇರೆ ಬೇರೆ ಮಿತಿಗಳನ್ನು ಹಾಕಿದೆ. ತೊಳೆದುಹೋಗುವುದಕ್ಕೆ ಮಿತಿಯೇ ಬೇಡವೆಂದು ಹೇಳಿಲ್ಲ.

ಮಾನವಿಚಾರದಲ್ಲಿ ಬಿಂದುವಾದಿಗಳು, ತುಲಾವಾದಿಗಳು ಎಂದು ಎರಡು ಪಂಥಗಳು. ಬಿಂದುವಾದಿಗಳು ಹನಿ ಎಣಿಸುತ್ತಾರೆ. ಫೋನ್ ಬಂದೊಡನೆ ಎಣಿಕೆ ತಪ್ಪಿ, ಹತ್ತೊಂಬತ್ತೋ ಇಪ್ಪತ್ತೊಂಬತ್ತೋ ಎಂಬ ಸಂಶಯ ಬಂದಲ್ಲಿ ಪುಣ್ಯ ಹೆಚ್ಚಲೆಂದು ಹತ್ತು ಸೇರಿಸುತ್ತಾರೆ. ತುಲಾವಾದಿಗಳು ಚಿಕ್ಕ ಡಿಜಿಟಲ್ ತಕ್ಕಡಿಯನ್ನು ನಂಬಿ, ಒಂದು ಕಿಲೋ ಎಣ್ಣೆಗೆ ಎಲ್ಲ ಸುಗಂಧತೈಲ ಸೇರಿ 30 ಗ್ರಾಂ ಮೀರದಂತೆ, ಲವಂಗದಂಥ ಚುರುಕಿನವಾದರೆ ಒಟ್ಟು 5 ಗ್ರಾಮಿನೊಳಗೆ ಕೈ ಹಿಡಿಯುತ್ತಾರೆ; ಆಯಾ ತೈಲದ ಇಫ್ರಾ ಮಿತಿ ಇನ್ನೂ ಕಡಿಮೆಯಿದ್ದರೆ ಅದೇ ಪ್ರಮಾಣ. ಯುರೋಪಿನ ಕಾನೂನಂತೂ ತೊಳೆದುಹೋಗುವ ಪದಾರ್ಥದಲ್ಲಿ ನಿರ್ದಿಷ್ಟ ಸುಗಂಧಾಣುಗಳು ಶೇ. 0.01 ಮೀರಿದರೆ ಹೆಸರನ್ನು ಚೀಟಿಯಲ್ಲಿ ಬರೆಯಬೇಕೆನ್ನುತ್ತದೆ. ಇದು ನಿಷೇಧವಲ್ಲ, ಪ್ರಕಟಣೆ ಮಾತ್ರ. ಕಿಲೋ ಸಾಬೂನಿಗೆ ಅದು 100 ಮಿಲಿಗ್ರಾಂ, ಎಂದರೆ ಎರಡು ಮೂರು ಹನಿ.

ಆದುದರಿಂದ ನಿರ್ಣಯವಿಷ್ಟು: ನಾಲ್ಕರಿಂದ ಆರು ವಾರ ಒಣಗಿಸಿದ ಸಾಬೂನನ್ನು ನೆರೆಮನೆಗೆ ಕೊಡುವವರು ಅದರಲ್ಲಿರುವ ತೈಲ, ತೂಕ ಮತ್ತು ದಿನಾಂಕವನ್ನು ಚೀಟಿಯಲ್ಲಿ ಬರೆದು ಕೊಡತಕ್ಕದ್ದು. ಚೀಟಿಯಿಲ್ಲದೆ ಘಮಘಮಿಸುತ್ತ ಬಂದುದನ್ನು ಪಡೆದವರು ನಗುಮುಖದಿಂದ ಸ್ವೀಕರಿಸಿ, ಕನ್ನಡದ ಮನೆಗಳಲ್ಲಿ ಮೈಸೂರ್ ಸ್ಯಾಂಡಲ್ ಸಾಬೂನನ್ನು ಇಡುವಂತೆ ಬೀರುವಿನಲ್ಲಿ, ಕಾಗದದಲ್ಲಿ ಸುತ್ತಿ, ರೇಷ್ಮೆ ಸೀರೆಗಳ ನಡುವೆ ಇಡತಕ್ಕದ್ದು.