ಹೊಸದನ್ನ ಹಳೇದು ಮಾಡೋ ಕಸುಬು

ಅಕ್ಕಾ, ಆ ಬಿಳೀ ಪಂಚೆನ ಸ್ವಲ್ಪ ಆಚೆ ತಂತಿಗೆ ಹಾಕ್ತೀರಾ? ಗಾಳಿ ನಿಮ್ಮ ಕಡೆಗೇ ಬೀಸ್ತಿದೆ, ನಾನು ಸ್ಪ್ರೇ ಹೊಡೀಬೇಕು. ಗೇಟಿಗಲ್ಲ, ಈ ರೋಬೋಗೆ. ನಗಬೇಡಿ, ನಗೋರು ನಮ್ಮನೇಲೇ ಬೇಕಾದಷ್ಟಿದ್ದಾರೆ.

ಇದರ ಹೆಸರು ಗಂಡಮ್, ಜಪಾನಿಂದು. 1979ರಲ್ಲಿ ಅಲ್ಲಿ ಟೀವೀಲಿ ಬಂದ ಕಾರ್ಟೂನು. ಮಾರನೇ ವರ್ಷ ಬಾಂಡೈ ಕಂಪನಿ ಇದರ ಪ್ಲಾಸ್ಟಿಕ್ ಕಿಟ್ ತಂತು, 300 ಯೆನ್ನಿಗೆ. ಕತೇಲಿ ಇದು 18 ಮೀಟರ್ ಎತ್ತರ. ಅದನ್ನ 144 ಪಾಲು ಮಾಡಿ ಒಂದು ಪಾಲಿನಷ್ಟು ಮಾಡಿದ್ರೆ ಈ ಹನ್ನೆರಡೂವರೆ ಸೆಂಟಿಮೀಟರು. ಈಗಿನ ಕಿಟ್‌ಗೆ ಗೋಂದೂ ಬೇಡ, ಬಣ್ಣಾನೂ ಬೇಡ. ಬಿಳಿ, ನೀಲಿ, ಕೆಂಪು, ಹಳದಿ ಎಲ್ಲಾ ಪ್ಲಾಸ್ಟಿಕ್ಕಲ್ಲೇ ಬಂದಿರುತ್ತೆ, ಕತ್ತರಿಸಿ ಟಕ್ ಅಂತ ಕೂರಿಸಿದ್ರೆ ಆಯ್ತು. ಮತ್ತೆ ಈ ಒದ್ದಾಟ ಯಾಕೆ ಅಂತೀರಿ. ಪ್ಲಾಸ್ಟಿಕ್ಕು ಪ್ಲಾಸ್ಟಿಕ್ ಥರಾನೇ ಕಾಣುತ್ತಲ್ಲಕ್ಕಾ! ಇದು ಲೋಹ ಅಂತ ನಂಬಿಸಬೇಕು.

ಹೊಡೆಯೋದೇನು, ನಿಮಿಷದ ಕೆಲಸ. ಅದಕ್ಕೆ ಮುಂಚಿನದೇ ರಾಮಾಯಣ. ಬಿಡಿಭಾಗನೆಲ್ಲ ಸೋಪಿನ ನೀರಲ್ಲಿ ತೊಳೀಬೇಕು, ಜಿಡ್ಡಿದ್ರೆ ಬಣ್ಣ ಹಿಡಿಯಲ್ಲ. ಕತ್ತರಿಸಿದ ಜಾಗದ ಗಂಟನ್ನ 600ರ ಎಮರಿ ಪೇಪರಲ್ಲಿ ಉಜ್ಜಿ, ಆಮೇಲೆ 1000ದ್ದರಲ್ಲಿ ನುಣುಪು ಮಾಡಿ, ಪ್ರೈಮರ್ ಹಾಕಬೇಕು. ಆಮೇಲೆ ಡಬ್ಬಿ ಚೆನ್ನಾಗಿ ಕುಲುಕಿ, ಹತ್ತಿರತ್ತಿರ ಒಂದಡಿ ದೂರದಿಂದ ತೆಳ್ಳಗೆ ಒಂದು ಸಲ. ಅದು ಆರಿದ ಮೇಲೆ ಇನ್ನೊಂದು ಸಲ. ಆತುರಕ್ಕೆ ಬಿದ್ರೆ ಬಣ್ಣ ಸೋರಿ ಇಳಿಯುತ್ತೆ. ಕೀಲುಗಳ ತಂಟೆಗೆ ಹೋಗೋದೇ ಬೇಡ, ಕೈ ಎತ್ತಿ ಇಳಿಸಿದ್ರೆ ಅಲ್ಲಿ ಬಣ್ಣ ಕಿತ್ತು ಬರುತ್ತೆ. ಹಾರ್ಡ್‌ವೇರ್ ಅಂಗಡಿಯ ಬೈಕ್ ಸ್ಪ್ರೇ ಸಾಲದಾ ಅಂತ ಕೇಳ್ತಾರೆ ಜನ. ಅದು ದಪ್ಪಕ್ಕೆ ಕೂರುತ್ತೆ, ಇಷ್ಟು ಪುಟ್ಟ ಮೈಗೆ ಕಂಬಳಿ ಹೊದಿಸಿದಂಗೆ.

ಮಳೆಗಾಲದಲ್ಲಂತೂ ಈ ಲ್ಯಾಕರ್ ಸ್ಪ್ರೇ ಮುಟ್ಟೋ ಹಾಗಿಲ್ಲ. ಅದರೊಳಗಿನ ಥಿನ್ನರ್ ಸರ್ರಂತ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಕೂತು ಬೆಳ್ಳಗೆ ಮಬ್ಬು ಹಿಡಿಯುತ್ತೆ. ಅದಕ್ಕೇ ಇವತ್ತಿನ ಬಿಸಿಲು ಬಿಡೋಕೆ ಮನಸ್ಸಿಲ್ಲ, ನಿಮ್ಮ ಪಂಚೆಗೂ ಇದೇ ಬಿಸಿಲು ಬೇಕು ಅಂತ ಗೊತ್ತಿದ್ರೂನು.

ಮಜಾ ಇರೋದು ಇನ್ನು ಮುಂದೆ. ಇಷ್ಟು ನುಣುಪಾಗಿ ಮಾಡಿದ್ದನ್ನ ಕೂತ್ಕೊಂಡು ಹಾಳು ಮಾಡಬೇಕು! ಸ್ಪಂಜಿನ ಚೂರು ಹರಿದು ಬೆಳ್ಳಿ ಬಣ್ಣಕ್ಕದ್ದಿ, ಮುಕ್ಕಾಲು ಪಾಲು ಕಾಗದಕ್ಕೇ ಒರೆಸಿ, ಉಳಿದಿದ್ದನ್ನ ಅಂಚಿಗೆ ತಾಗಿಸಿದ್ರೆ ಬಣ್ಣ ಎದ್ದು ಲೋಹ ಕಂಡಂಗೆ ಆಗುತ್ತೆ. ಪಾದಕ್ಕೆ ಕೆಸರು, ಬೆನ್ನಿನ ಬೆಂಕಿ ಕೊಳವೆ ಸುತ್ತ ಮಸಿ, ತಿರುಪಿನ ಕೆಳಗೆ ತುಕ್ಕಿನ ಗೆರೆ. ನೀವು ಹುಣಸೆಹಣ್ಣು ಹಾಕಿ ತಿಕ್ಕಿ ತೆಗೆಯೋದನ್ನೆಲ್ಲ ನಾವು ದುಡ್ಡು ಕೊಟ್ಟು ತಂದು ಹಚ್ಚೋದು. ಆದ್ರೆ ಲೆಕ್ಕ ಇರಬೇಕು. ಮೊಣಕೈ, ಮಂಡಿ, ಗುರಾಣಿಯ ಅಂಚು, ಹೀಗೆ ತಾಗೋ ಜಾಗಕ್ಕೆ ಮಾತ್ರ. ಕೈ ಬಂತು ಅಂತ ಮೈತುಂಬ ಬಳಿದುಬಿಡ್ತಾರೆ ಕೆಲವರು. ಯುದ್ಧಕ್ಕೆ ಹೋಗಿ ಬಂದ ಹಾಗಿರಬೇಕು, ಗುಜರಿಗೆ ಹೋಗಿ ಬಂದ ಹಾಗಲ್ಲ. ಕಡೇಲಿ ಮೇಲೊಂದು ಮ್ಯಾಟ್ ಕೋಟ್ ಕೊಟ್ರೆ ಆಟಿಕೆಯ ಹೊಳಪು ಮಾಯ.

ಅಂದಹಾಗೆ, ನಿಮ್ಮ ಬಚ್ಚಲಲ್ಲಿ ಹಳೇ ಟೂತ್‌ಬ್ರಷ್ ಇದ್ರೆ ಎಸೀಬೇಡಿ, ಈ ಕಡೆ ಕೊಡಿ. ಕೆಸರು ಸಿಡಿಸೋಕೆ ಅದರಂಥದ್ದು ಇನ್ನೊಂದಿಲ್ಲ.