ಗಂಡಸಿಗೂ ಗೌರಿ ದುಃಖ

ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತ ಗಂಡಸಿನಷ್ಟು ಬಡಪಾಯಿ ಇನ್ನೊಬ್ಬನಿಲ್ಲ. ಕೈ ಬಟ್ಟೆಯೊಳಗೆ, ಕನ್ನಡಕ ಕನ್ನಡಿ ಮುಂದೆ, ಕತ್ತಿನ ಹತ್ತಿರ ಬ್ಲೇಡು. ಇಂಥ ಹೊತ್ತು ನೋಡಿಯೇ ಅಂಗಡಿ ಹುಡುಗ ಕೇಳಿದ:

“ಸಾರ್, ಡೀಟ್ಯಾನ್ ಹಾಕ್ಬಿಡ್ಲಾ?”

“ಹಾಗಂದ್ರೇನಪ್ಪಾ?”

“ಬಿಸಿಲಿಗೆ ಕಪ್ಪಾಗಿರೋದನ್ನ ತೆಗೆಯೋದು ಸಾರ್.”

“ನಾನು ಹುಟ್ಟಿದ್ದೇ ಹೀಗೆ ಕಣಯ್ಯ. ಅದೂ ರಾತ್ರಿ ಹುಟ್ಟಿದ್ದು. ಬಿಸಿಲೆಲ್ಲಿಂದ ಬಂತು?”

ಅವನು ನಗಲಿಲ್ಲ. ಬ್ರಷ್ ಕಲಸಲು ಹೊರಟೇಬಿಟ್ಟ.

ನಮ್ಮ ಕಾಲದಲ್ಲಿ ಕಪ್ಪು ಗಂಡಸರಿಗೆ ಭರ್ಜರಿ ರಿಯಾಯಿತಿ ಇತ್ತು. ಮಗು ಗಂಡಾಗಿ ಕಪ್ಪಗಿದ್ದರೆ ಅಜ್ಜಿ ‘ನಮ್ಮ ಕೃಷ್ಣ ಪರಮಾತ್ಮ’ ಎಂದು ದೃಷ್ಟಿ ತೆಗೆಯುತ್ತಿದ್ದಳು. ಹೆಣ್ಣಾಗಿದ್ದರೆ ಕಡಲೆಹಿಟ್ಟು, ಅರಿಶಿನ ಹುಡುಕುತ್ತಿದ್ದಳು. ದ್ರೌಪದಿಯೂ ಕಪ್ಪೇ, ಅವಳ ಇನ್ನೊಂದು ಹೆಸರೇ ಕೃಷ್ಣೆ. ಮೊಮ್ಮಗಳಿಗೆ ಆ ಹೋಲಿಕೆ ಕೊಟ್ಟ ಅಜ್ಜಿಯನ್ನು ನಾನಂತೂ ಕಂಡಿಲ್ಲ. ಇದ್ದಲಿನ ಬಣ್ಣದ ನಾನೇ ಹೆಣ್ಣು ನೋಡಲು ಹೋದವನು, ಅವರು ಕೊಟ್ಟ ಉಪ್ಪಿಟ್ಟು ತಿನ್ನುತ್ತಾ, ‘ಪರವಾಗಿಲ್ಲ, ಸ್ವಲ್ಪ ಬಣ್ಣ ಕಮ್ಮಿ’ ಎಂದು ನಮ್ಮಮ್ಮನ ಕಿವಿಯಲ್ಲಿ ಪಿಸುಗುಟ್ಟಿದ್ದೆ. ಪಿಸುಗುಟ್ಟಿದ್ದು ಅಡುಗೆಮನೆಯವರೆಗೂ ಕೇಳಿಸಿತ್ತಂತೆ. ಆ ಮನೆಯಲ್ಲಿ ಒಬ್ಬರೂ ನನ್ನ ಕೈಗೆ ಕನ್ನಡಿ ಕೊಡಲಿಲ್ಲ. ಕೇಳಿದ್ದು ಸಂಬಳ ಎಷ್ಟು ಅಂತ ಮಾತ್ರ.

ಈ ರಿಯಾಯಿತಿಗೆ ಕಲ್ಲು ಹಾಕಿದ್ದು ಬೆಳ್ಳಗಾಗುವ ಕ್ರೀಮಿನ ಟ್ಯೂಬು. 1975ರಲ್ಲಿ ಫೇರ್ ಅಂಡ್ ಲವ್ಲಿ ಹೆಂಗಸರಿಗೆ ಅಂತ ಬಂತು. ಅದು ತಿಂಗಳಾಗುವುದರೊಳಗೆ ಖಾಲಿಯಾಯಿತೆಂದು ಅಕ್ಕ ತಂಗಿಯನ್ನು ಬೈಯುತ್ತಿದ್ದಳು. ಕದ್ದವನು ಅಣ್ಣ, ಪಕ್ಕದಲ್ಲೇ ಪೇಪರು ಓದುತ್ತಾ ಕೂತಿರುತ್ತಿದ್ದ. 2005ರಲ್ಲಿ ಇಮಾಮಿ ಕಂಪನಿ ಈ ಅಣ್ಣಂದಿರಿಗಾಗಿಯೇ ಫೇರ್ ಅಂಡ್ ಹ್ಯಾಂಡ್‌ಸಮ್ ತಂದಿತು. ಹೆಂಗಸರ ಕ್ರೀಮು ಕದ್ದು ಹಚ್ಚಿಕೊಳ್ಳುವ ಗಂಡಸನ್ನು ಜಾಹೀರಾತು ಗೇಲಿ ಮಾಡಿತು. ಶಾರುಖ್ ಖಾನೇ ಬಂದು ಟ್ಯೂಬು ಮಾರಿದ. ತಮಾಷೆ ನೋಡಿ: ಬೆಳ್ಳಗಾಗಬೇಕು ಅನ್ನುವುದರಲ್ಲಿ ನಾಚಿಕೆ ಇಲ್ಲ, ಹೆಂಗಸರ ಡಬ್ಬಿಯಿಂದ ಬೆಳ್ಳಗಾದರೆ ಮಾನ ಹೋಯಿತು! ‘ಗಂಡಸಿಗ್ಯಾಕೆ ಗೌರಿ ದುಃಖ’ ಅಂತ ಹಿರಿಯರು ಗಾದೆ ಮಾಡಿಟ್ಟಿದ್ದರು. ಗೌರಿ ಅಂದರೇ ಬೆಳ್ಳಗಿರುವವಳು. ಆ ದುಃಖವನ್ನೇ ಅಳೆದು ಟ್ಯೂಬಿಗೆ ತುಂಬಿ, ಮೀಸೆ ಅಂಟಿಸಿ ಮಾರಿದರು.

2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸನ ಮೊಣಕಾಲಿನಡಿ ಸತ್ತ. ದೇಶದೇಶಗಳಲ್ಲಿ ಜನ ಬೀದಿಗಿಳಿದರು. ಆ ಬಿಸಿ ತಾಗಿ ನಮ್ಮಲ್ಲಿ ಹೆಂಗಸರ ಟ್ಯೂಬಿನ ಮೇಲೆ ‘ಫೇರ್’ ಹೋಗಿ ‘ಗ್ಲೋ’ ಬಂತು. ಒಳಗಿನ ಆಸೆಗೆ ಯಾರೂ ಹೊಸ ಚೀಟಿ ಅಂಟಿಸಲಿಲ್ಲ.

ನನ್ನ ಅಕ್ಕನ ಮಗ ಡಲ್ಲಾಸಿನಲ್ಲಿದ್ದಾನೆ. ಊರಲ್ಲಿ ‘ಕೆಂಪು ಹುಡುಗ’ ಅನ್ನಿಸಿಕೊಂಡು ಮೆರೆದವನು, ವಿಮಾನ ಇಳಿದ ದಿನವೇ ‘ಬ್ರೌನ್’ ಆದ. “ಮಾವ, ಇಲ್ಲಿ ಚರ್ಮ ನೋಡಿ ಮಾತಾಡ್ತಾರೆ” ಎಂದು ಒಂದು ಗಂಟೆ ಫೋನಿನಲ್ಲಿ ಗೋಳಾಡಿದ. ಪಾಪ, ನನಗೂ ಸಂಕಟವಾಯಿತು. ಮರುವಾರ ಅಕ್ಕ ಹುಡುಗಿಯ ಫೋಟೊ ಕಳಿಸಿದಳು. ಅವನಿಂದ ಬಂದ ಉತ್ತರ: “ಸ್ವಲ್ಪ ಡಾರ್ಕ್ ಅಲ್ವಾಮ್ಮ?”

ಅವನೊಬ್ಬನನ್ನೇ ಆಡಿಕೊಂಡು ಫಲವಿಲ್ಲ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವನು. ವಲಸೆ ಬಂದವರಲ್ಲಿ ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಪೌರತ್ವ ಅನ್ನುವ ಕಾನೂನು ಆಗ ಅಲ್ಲಿತ್ತು. ಆ ಕಾನೂನೇ ತಪ್ಪು ಎಂದು ಅವನ ಕಡೆಯವರು ವಾದಿಸಲಿಲ್ಲ. ಇವನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯನೇ ಎಂದರು. ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಇವನು ಬಿಳಿಯನಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜಾತಿಯ ಕ್ರೀಮು ಅಲ್ಲಿ ಹತ್ತಲಿಲ್ಲ.

ಅಷ್ಟರಲ್ಲಿ ನನ್ನ ಮುಖಕ್ಕೆ ಸುಣ್ಣ ಬಳಿದಾಗಿತ್ತು. ಬೇಡ ಅನ್ನಲು ಬಾಯಿ ತೆರೆದರೆ ಒಳಗೇ ಹೋಗುತ್ತದೆ. ತೆಪ್ಪಗೆ ಕೂತೆ. ಇಪ್ಪತ್ತು ನಿಮಿಷ ಉರಿಯಿತು, ಮುನ್ನೂರು ರೂಪಾಯಿ ಹೋಯಿತು.

ಮನೆಗೆ ಬಂದಾಗ ಹೆಂಡತಿ ತಿಂಡಿ ತಟ್ಟೆ ಹಿಡಿದು ನಿಂತಿದ್ದಳು. ಗಲ್ಲ ಹಿಡಿದು ನನ್ನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಆ ಕಡೆ ಈ ಕಡೆ ನೋಡಿದಳು.

“ಪರವಾಗಿಲ್ಲ,” ಎಂದಳು. “ಸ್ವಲ್ಪ ಬಣ್ಣ ಕಮ್ಮಿ.”

ತಟ್ಟೆಯಲ್ಲಿ ಉಪ್ಪಿಟ್ಟಿತ್ತು.